ಟವೆಲ್ ಕೆಳಗಿನ ಪಗಾರ

ಪಾರದರ್ಶಕತೆ ಎಂಬ ಪದವನ್ನು ಯಾರಾದರೂ ಸಭೆಯಲ್ಲಿ ಎತ್ತಿದರೆ ನನಗೆ ಈಗ ಆಕಳಿಕೆ ಬರುತ್ತದೆ. ಆ ಪದದ ಮೇಲೆ ನನಗೇನೂ ಸಿಟ್ಟಿಲ್ಲ. ಕೆಲವು ವರ್ಷಗಳ ಹಿಂದೆ ಶಹಾಪುರದಲ್ಲಿ ಅದನ್ನು ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ಓಡಾಡಿದವನು ನಾನೇ. ಅದರಿಂದ ಏನಾಯಿತೆಂದು ಬರೆಯಲು ಇಷ್ಟು ದಿನ ಹಿಡಿಯಿತು. ಬರೆಯಲು ಕೂತಾಗಲೆಲ್ಲ ಬೇರೆಯವರ ತಪ್ಪುಗಳೇ ಮೊದಲು ನೆನಪಿಗೆ ಬರುತ್ತಿದ್ದವು, ಅವು ಮುಗಿಯುವಷ್ಟರಲ್ಲಿ ನನಗೆ ಸಾಕಾಗಿ ನೋಟ್‌ಬುಕ್ ಮುಚ್ಚಿಡುತ್ತಿದ್ದೆ.

ನಾನು ಶಹಾಪುರದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಮಾಸ್ತರ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಸೀಟಿ ಊದುವುದು, ಸ್ವಾತಂತ್ರ್ಯ ದಿನಕ್ಕೆ ಕವಾಯತು ಕಲಿಸುವುದು, ಉಳಿದ ಹೊತ್ತಿನಲ್ಲಿ ಫೀಸು ಬಾಕಿ ಇರುವವರ ಪಟ್ಟಿ ಬರೆಯುವುದು. ಇದರ ಜೊತೆಗೆ ಕಬಡ್ಡಿ ಆಡುತ್ತಿದ್ದೆ. ಆಗ ನನಗೆ ಮೂವತ್ತನಾಲ್ಕು. ಕಬಡ್ಡಿಯಲ್ಲಿ ಅದು ಅಜ್ಜನ ವಯಸ್ಸು. ಆದರೂ ಬಿಡಲು ಮನಸ್ಸಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನಮ್ಮ ಜಿಲ್ಲೆಯ ಆಟಕ್ಕೆ ದುಡ್ಡು ಬಂದಿತ್ತು.

ಐದಾರು ವ್ಯಾಪಾರಿಗಳು ಟಿವಿಯಲ್ಲಿ ಕಬಡ್ಡಿ ನೋಡಿ ತಾವೂ ಒಂದು ಪಂದ್ಯಾವಳಿ ಶುರು ಮಾಡಿದ್ದರು. ಮಣ್ಣಿನ ಬದಲು ಮ್ಯಾಟು, ಸುತ್ತ ದೊಡ್ಡ ದೀಪ, ಮೈಕಿನಲ್ಲಿ ಕಾಮೆಂಟರಿ, ಮೊಬೈಲಿನಲ್ಲಿ ಲೈವ್. ಯಾದಗಿರಿಗೆ ಒಂದು ಟೀಮು, ಸುರಪುರಕ್ಕೆ ಒಂದು, ಶಹಾಪುರಕ್ಕೆ ಒಂದು. ಒಬ್ಬೊಬ್ಬ ವ್ಯಾಪಾರಿ ಒಂದೊಂದು ಟೀಮಿನ ಮಾಲೀಕ. ನಮ್ಮ ಮಾಲೀಕರದು ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ. ರೈತರು ತಂದ ಹತ್ತಿ, ತೊಗರಿಯನ್ನು ಕಮಿಷನ್ ಮೇಲೆ ಮಾರಿಸುವ ವ್ಯವಹಾರ. ನಾವು ಅವರನ್ನು ಸಾವ್ಕಾರ್ರು ಅನ್ನುತ್ತಿದ್ದೆವು. ಬಿಳಿ ಅಂಗಿ, ಹೆಗಲ ಮೇಲೆ ಸದಾ ಒಂದು ಟವೆಲ್. ಕೆಟ್ಟ ಮನುಷ್ಯರಲ್ಲ. ಪಂದ್ಯ ಸೋತ ದಿನವೂ ಟೆಂಪೋದಲ್ಲಿ ನಮ್ಮ ಜೊತೆಗೇ ಕೂತು ಮಿರ್ಚಿ ಭಜಿ ತಿನ್ನುತ್ತಿದ್ದರು.

ನಮ್ಮ ಪಗಾರ ಗೊತ್ತಾಗುತ್ತಿದ್ದುದು ಆ ಟವೆಲ್ಲಿನ ಕೆಳಗೆ. ಗಂಜಿನಲ್ಲಿ ಈಗ ಮಾಲಿನ ದರವೆಲ್ಲ ಕಂಪ್ಯೂಟರಿನಲ್ಲಿ ಬರುತ್ತದೆ, ಯಾವ ರೈತನಾದರೂ ತಲೆಯೆತ್ತಿ ಓದಬಹುದು. ಟವೆಲ್ಲಿನ ಪದ್ಧತಿ ಉಳಿದಿರುವುದು ದನದ ಸಂತೆಯಲ್ಲಿ. ಕೊಳ್ಳುವವನು, ಮಾರುವವನು ಬಟ್ಟೆಯ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಎರಡು ಮುಖ ಕಾಣುತ್ತದೆ, ದರ ಕಾಣುವುದಿಲ್ಲ. ಸಂತೆಯಲ್ಲಿ ಎತ್ತುಗಳು, ಪಂದ್ಯಾವಳಿಯಲ್ಲಿ ನಾವು. ಇಷ್ಟೇ ಮಾಲು ಉಳಿದಿತ್ತು ಆ ಪದ್ಧತಿಗೆ.

ಪ್ರತಿ ವರ್ಷ ಸೀಸನ್ ಶುರುವಾಗುವ ಮೊದಲು ಒಬ್ಬೊಬ್ಬರನ್ನೇ ಅಂಗಡಿಗೆ ಕರೆಸುತ್ತಿದ್ದರು. ಗಾದಿಯ ಮೇಲೆ ಎದುರು ಕೂಡಿಸಿಕೊಂಡು ಟವೆಲ್ ಹಾಸುತ್ತಿದ್ದರು. ಒಂದು ಬೆರಳಿಗೆ ಒಂದು ಸಾವಿರ, ಅಂಗೈ ಪೂರ್ತಿ ಹಿಸುಕಿದರೆ ಐದು. ನನ್ನ ಅಂಗೈಯನ್ನು ಕೊನೆಯ ಸಲ ಆರು ಬಾರಿ ಹಿಸುಕಿದರು. ಮೂವತ್ತು ಸಾವಿರ, ಎರಡು ತಿಂಗಳ ಸೀಸನ್ನಿಗೆ. ಕೈ ಬಿಡುವ ಮೊದಲು ಮೆಲ್ಲಗೆ ಹೇಳಿದರು.

"ಮಾಸ್ತರ, ಎಲ್ಲಾರಕಿಂತ ನಿಮಗ ಹೆಚ್ಚ ಕೊಡಾಕತ್ತೇನಿ. ನೀವು ಕ್ಯಾಪ್ಟನ್ ಇದ್ದೀರಿ, ಹುಡುಗ್ರನ್ನ ಹಿಡಿತದಾಗ ಇಡವರು ನೀವಾ. ಹೊರಗ ಬಾಯಿ ಬಿಡಬ್ಯಾಡ್ರಿ."

ನಾನು ಬಾಯಿ ಬಿಡಲಿಲ್ಲ. ಹಾಗೆ ನೋಡಿದರೆ ಯಾರೂ ಬಿಡುತ್ತಿರಲಿಲ್ಲ. ಬಟ್ಟೆಯ ಕೆಳಗೆ ಆದ ದರವನ್ನು ಇನ್ನೊಬ್ಬರಿಗೆ ಹೇಳುವುದು ನಮ್ಮ ಕಡೆ ಬರೀ ತಪ್ಪಲ್ಲ, ಒಂಥರಾ ಹೊಲಸು ಕೆಲಸ. ಮನೆಯಲ್ಲಿ ಎತ್ತು ಮಾರಿದ ಅಪ್ಪಂದಿರು ದರವನ್ನು ಅಣ್ಣತಮ್ಮಂದಿರಿಗೂ ಹೇಳಿದವರಲ್ಲ. ನಾವು ಅದನ್ನು ನೋಡಿಯೇ ಬೆಳೆದವರು.

ನಮ್ಮ ಟೀಮಿನ ಜೀವ ಇದ್ದದ್ದು ಎಡ ಮೂಲೆಯಲ್ಲಿ. ಕಬಡ್ಡಿಯಲ್ಲಿ ಆ ಜಾಗಕ್ಕೆ ಲೆಫ್ಟ್ ಕಾರ್ನರ್ ಅನ್ನುತ್ತಾರೆ. ಒಳಗೆ ನುಗ್ಗಿ ಬಂದ ಎದುರಾಳಿ ರೈಡರನ ಕಾಲಿನ ಗೆಣ್ಣು ಹಿಡಿದು ಕೆಡವುವುದು ಅಲ್ಲಿ ನಿಂತವನ ಕೆಲಸ. ನಮ್ಮ ಕಾರ್ನರ್ ಕೊಂಕಲ್ ಹಳ್ಳಿಯವನು, ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನನ್ನು ಟೀಮಿಗೆ ತಂದವನು ನಾನು. ಒಂದು ಮಧ್ಯಾಹ್ನ ಬೇರೊಬ್ಬರ ಅಂಗಡಿಯ ಮುಂದೆ ತೊಗರಿಯ ಚೀಲ ಹೊತ್ತು ಲಾರಿಯ ಹಲಗೆ ಹತ್ತುತ್ತಿದ್ದ. ಮೇಲೆ ಕ್ವಿಂಟಲ್ ಭಾರ ಇದ್ದರೂ ಮೊಣಕಾಲು ಒಂದಿಷ್ಟೂ ನಡುಗದೆ ಇದ್ದದ್ದು ನೋಡಿ ನಿಂತುಬಿಟ್ಟೆ. ನಾನು ಮನುಷ್ಯರ ಮುಖ ಮರೆಯುತ್ತೇನೆ, ನಿಲ್ಲುವ ರೀತಿ ಮರೆಯುವುದಿಲ್ಲ. ಟೀಮಿಗೆ ಬಂದ ಮೇಲೆ ಅವನು ಹಮಾಲಿಯನ್ನೂ ನಮ್ಮ ಸಾವ್ಕಾರ್ರ ಅಂಗಡಿಯಲ್ಲೇ ಮಾಡತೊಡಗಿದ. ನನಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ಸರ ಅನ್ನುತ್ತಿದ್ದ.

ಸುರಪುರದಲ್ಲಿ ಸೆಮಿಫೈನಲ್. ಕೊನೆಯ ನಿಮಿಷ, ಒಂದು ಪಾಯಿಂಟು ಬೇಕು. ಎದುರಿನ ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ, ನಮ್ಮವನು ಗೆಣ್ಣಿಗೆ ಬಿದ್ದ. ರೈಡರ್ ಅವನ ಮೇಲೆ ಅಡ್ಡಡ್ಡ ಕುಸಿದ. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಮೈಕು ಅರಚುತ್ತಿದ್ದರೂ ಮೊಣಕಾಲಿನ ಸದ್ದು ನನಗೆ ಕೇಳಿಸಿತು. ಅವನು ಹಿಡಿದ ಗೆಣ್ಣು ಬಿಡಲಿಲ್ಲ. ಸೀಟಿ ಆದ ಮೇಲೂ ಹಿಡಿದೇ ಇದ್ದ, ನಾವೇ ಬೆರಳು ಬಿಡಿಸಿದೆವು. ಆ ಪಾಯಿಂಟಿನಿಂದ ಫೈನಲ್‌ಗೆ ಹೋದೆವು, ಫೈನಲ್‌ನಲ್ಲಿ ಸೋತು ಎರಡನೇ ಬಹುಮಾನ ತಂದೆವು.

ಮೊಣಕಾಲಿನ ಲಿಗಮೆಂಟ್ ಹರಿದಿದೆ ಎಂದ ಕಲಬುರಗಿಯ ಡಾಕ್ಟರು ಎರಡು ಮಾತು ಹೇಳಿದರು. ಒಂದು ತಿಂಗಳೊಳಗೆ ಆಪರೇಷನ್ ಆಗಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು. ಖರ್ಚು ಒಂದು ಲಕ್ಷದ ಮೇಲೆ. ಸರ್ಕಾರದ ಆರೋಗ್ಯ ಕಾರ್ಡಿನಲ್ಲಿ ಆಗುತ್ತದೆ ಎಂದು ಆಸ್ಪತ್ರೆಯ ಒಂದು ಕಿಟಕಿಯಲ್ಲಿ, ಆಗುವುದಿಲ್ಲ ಎಂದು ಇನ್ನೊಂದು ಕಿಟಕಿಯಲ್ಲಿ ಹೇಳಿದರು. ನಾನು ಎರಡು ಕಿಟಕಿಗಳ ನಡುವೆ ಒಂದು ದಿನ ತಿರುಗಿ ಸುಸ್ತಾಗಿ ಬಂದೆ. ಸಾವ್ಕಾರ್ರು ಹತ್ತು ಸಾವಿರ ಕೊಟ್ಟು ಕೈ ಮುಗಿದರು.

"ಟೀಮ್ ನುಕ್ಸಾನದಾಗ ಅದ ಮಾಸ್ತರ. ಇದಕಿಂತ ಹೆಚ್ಚ ನನ್ನ ಕೈಲಿ ಆಗಲ್ಲ."

ಈ ನುಕ್ಸಾನದ ಮಾತು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಮ್ಮ ಏಳು ಜನರ ನಡುವೆ ಬಂತು. ನಮ್ಮ ಮುಖ್ಯ ರೈಡರ್ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಯಾವುದನ್ನೂ ಬಿಚ್ಚಿ ನೋಡದೆ ನಂಬುವ ಜಾತಿಯಲ್ಲ.

"ನುಕ್ಸಾನ ಅಂದ್ರ ಎಷ್ಟ ನುಕ್ಸಾನ? ಟಿಕೇಟಿನ ರೊಕ್ಕ ಎಷ್ಟ ಬಂತು, ಬ್ಯಾನರಿನ ರೊಕ್ಕ ಎಷ್ಟ ಬಂತು? ಹಿಸಾಬ ಖುಲ್ಲಾ ಮಾಡ್ಲಿ, ಕಣ್ಣಲೆ ನೋಡಮು," ಅಂದ.

ನನಗೆ ಹುರುಪು ಬಂತು. ಪರದೇಶಗಳಲ್ಲಿ ಆಟಗಾರರ ಸಂಘಗಳು ಮಾಲೀಕರ ಲೆಕ್ಕ ನೋಡದೆ ಕರಾರಿಗೆ ಸಹಿ ಹಾಕುವುದಿಲ್ಲವೆಂದು ಎಲ್ಲೋ ಪೇಪರಿನಲ್ಲಿ ಓದಿದ್ದೆ. ಅದನ್ನೆಲ್ಲ ಒದರಿದೆ. ಮಾಲೀಕರು ನಷ್ಟ ಎಂದರೆ ನಾವು ತಲೆಯಾಡಿಸಬೇಕೆ, ಬೆವರು ನಮ್ಮದು, ಕಾಲು ನಮ್ಮದು, ಲೆಕ್ಕ ಮಾತ್ರ ಅವರದೆ, ಎಂದೆಲ್ಲ. ಶಾಲೆಯ ಮೈದಾನದಲ್ಲಿ ಮುನ್ನೂರು ಮಕ್ಕಳಿಗೆ ಕೇಳುವಂತೆ ಮಾತಾಡಿ ರೂಢಿ. ಪಕ್ಕದ ಟೇಬಲ್ಲಿನವರೂ ಇಡ್ಲಿ ಬಿಟ್ಟು ಕೇಳಿದರು. ಲೆಕ್ಕ ತೋರಿಸುವವರೆಗೆ ಮುಂದಿನ ಸೀಸನ್ ಆಡುವುದಿಲ್ಲ ಎಂದು ಅಲ್ಲೇ ತೀರ್ಮಾನವಾಯಿತು.

ಕಾರ್ನರ್ ಒಂದು ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕೂತಿದ್ದ. ಎಲ್ಲ ಮುಗಿದ ಮೇಲೆ ಇಷ್ಟೇ ಹೇಳಿದ.

"ನನ್ನ ಸಲುವಾಗಿ ಜಗಳ ಬ್ಯಾಡ್ರಿ ಸರ. ನಾಳಿ ಅವರ ಅಂಗಡ್ಯಾಗೇ ನಾ ಚೀಲ ಹೊರಬೇಕು."

"ನಿನ್ನ ಸಲುವಾಗಿ ಅಲ್ಲೋ ತಮ್ಮಾ, ಇದು ಎಲ್ಲಾರ ಸಲುವಾಗಿ," ಅಂದೆ. ಸುಳ್ಳೇನಲ್ಲ. ಆದರೂ ಅವನ ಸಲುವಾಗಿ ಎಂದಿದ್ದರೆ ಚೆನ್ನಾಗಿತ್ತು.

ಮರುದಿನ ಏಳೂ ಜನ ಅಂಗಡಿಗೆ ಹೋದೆವು. ಸಾವ್ಕಾರ್ರು ಸಿಟ್ಟಾಗುತ್ತಾರೆ ಎಂದು ಮೈ ಗಟ್ಟಿ ಮಾಡಿಕೊಂಡಿದ್ದೆ. ಅವರು ಚಹಾ ತರಿಸಿದರು. ನಾನು ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು.

"ಆತು. ನನ್ನ ಖಾತೆ ಪುಸ್ತಕ ತಗೀತೀನಿ. ನನ್ನ ಹೆಂಡ್ತಿಗೂ ತೋರಸಿಲ್ಲ, ನಿಮಗ ತೋರಸ್ತೀನಿ. ಆದ್ರ ಒಂದ ಕೇಳ್ತೀನಿ. ನೀವು ಏಳು ಮಂದಿ, ನಿಮ್ಮ ನಿಮ್ಮ ಪಗಾರ ಎಷ್ಟಂತ ಒಬ್ಬರಿಗೊಬ್ಬರು ಹೇಳ್ಯೀರೇನು?"

ಏಳೂ ಜನ ನಮ್ಮ ನಮ್ಮ ಚಹಾದ ಲೋಟ ನೋಡಿಕೊಂಡೆವು.

"ಹೇಳಿಲ್ಲಲ್ಲ. ನೀವು ನೀವು ಮುಚ್ಚಿಟ್ಟುಕೊಂಡು ನನ್ನದಷ್ಟ ಬಿಚ್ಚಂದ್ರ ಹ್ಯಾಂಗ? ಮೊದಲ ನೀವು ಹೇಳ್ಕೊಂಡು ಬರ್ರಿ. ಐತವಾರ ಆದ ಮ್ಯಾಲ ಬರ್ರಿ, ಪುಸ್ತಕ ಇಲ್ಲೇ ಇರ್ತದ."

ಹೊರಗೆ ಬಂದು ನಿಂತೆವು. ಮ್ಯಾಟಿನ ಮೇಲೆ ಕೈಗೆ ಕೈ ಕೋದು ಸರಪಳಿ ಕಟ್ಟುವ ಏಳು ಜನ, ಒಬ್ಬರ ಮುಖ ಒಬ್ಬರು ನೋಡದೆ ಗಾಡಿ ಹತ್ತಿ ಹೋದೆವು. ಆ ವಾರ ಪ್ರಾಕ್ಟೀಸಿಗೂ ಯಾರೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮ ಶಾಲೆಯ ಮೈದಾನದಲ್ಲಿ ಸೇರಿದೆವು. ಬೇವಿನ ನೆರಳಿನಲ್ಲಿ ದುಂಡಗೆ ಕೂತೆವು. ಕ್ಯಾಪ್ಟನ್ ಆದ್ದರಿಂದ ಮೊದಲು ನಾನೇ ಹೇಳಬೇಕಿತ್ತು. ಆ ವಾರವೆಲ್ಲ ಹೇಳುವುದೆಂದೇ ನಿಶ್ಚಯಿಸಿದ್ದೆ. ಬೆಳಿಗ್ಗೆ ಸ್ನಾನ ಮಾಡುವಾಗಲೂ ಮೂವತ್ತು, ಮೂವತ್ತು ಎಂದು ಬಾಯಲ್ಲೇ ಹೇಳಿ ನೋಡಿದ್ದೆ. ಶಾಲೆಯವರು ಮೂರು ತಿಂಗಳಿಂದ ಸಂಬಳ ಕೊಟ್ಟಿಲ್ಲ, ಹತ್ತು ವರ್ಷದ ಅನುಭವ ಇದೆ, ಕ್ಯಾಪ್ಟನ್ ಎಂದರೆ ಜವಾಬ್ದಾರಿ ಹೆಚ್ಚು. ಕಾರಣಗಳಿಗೇನು, ಬೇಕಾದಷ್ಟಿದ್ದವು. ಆದರೆ ಅಲ್ಲಿ ಕೂತು ಆ ಆರು ಮುಖಗಳನ್ನು ನೋಡಿದಾಗ ನಾಚಿಕೆಯಾಯಿತು.

"ಹದಿನಾರು," ಅಂದೆ.

ಎಲ್ಲರೂ ತಲೆಯಾಡಿಸಿದರು. ಮೊಬೈಲಿನವನು ಹದಿನೈದು ಎಂದ. ರಾಮಸಮುದ್ರದ ಇಬ್ಬರು ಅಣ್ಣತಮ್ಮಂದಿರು ಹದಿನಾಲ್ಕು, ಹದಿನಾಲ್ಕು. ಒಬ್ಬ ಹದಿಮೂರು, ಇನ್ನೊಬ್ಬ ಹನ್ನೆರಡು. ಒಬ್ಬೊಬ್ಬರು ಹೇಳುವಾಗಲೂ ಬಟ್ಟೆ ಬಿಚ್ಚಿದಂತೆ ಮೈ ಮುದುಡಿಕೊಂಡು ಹೇಳುತ್ತಿದ್ದರು. ಹೇಳಿದ ಮೇಲೆ ಮಾತ್ರ ಹಗುರಾಗುತ್ತಿದ್ದರು. ಹನ್ನೆರಡರವನು ಹದಿನೈದರವನ ಬೆನ್ನಿಗೆ ಗುದ್ದಿ ನಕ್ಕ. ನಾನೊಬ್ಬನೇ ಹಗುರಾಗಲಿಲ್ಲ.

ಕಾರ್ನರ್ ಕೊನೆಗೆ ಉಳಿದ. ಹುಲ್ಲು ಕೀಳುತ್ತಾ ಕೂತಿದ್ದ.

"ಹೇಳಪ," ಅಂದ ಮೊಬೈಲಿನವನು.

"ಒಂಬತ್ತು."

"ಒಂಬತ್ತು ಏನು?"

"ಒಂಬತ್ತು ಸಾವಿರ. ಎಲ್ಲಾರಕಿಂತ ನಿನಗ ಹೆಚ್ಚ ಕೊಡಾಕತ್ತೇನಿ, ಯಾರಿಗೂ ಹೇಳಬ್ಯಾಡ ಅಂದಿದ್ರು." ಹೇಳಿ ನಕ್ಕ. ನಗು ಮುಗಿಯುವ ಮೊದಲೇ ಮುಖ ಆ ಕಡೆ ತಿರುಗಿಸಿದ.

ಅವತ್ತು ನಮ್ಮೆಲ್ಲರಿಗೂ ಬಂದ ಸಿಟ್ಟು ನಿಜವಾದ ಸಿಟ್ಟು. ನನಗೂ ಬಂತು, ಅದೇ ನನಗೆ ಈಗಲೂ ಸೋಜಿಗ. ಮೂವತ್ತು ಕಿಸೆಯಲ್ಲಿಟ್ಟುಕೊಂಡವನು ಒಂಬತ್ತರ ಅನ್ಯಾಯಕ್ಕೆ ಕಣ್ಣಲ್ಲಿ ನೀರು ತಂದುಕೊಂಡೆ. ಆಪರೇಷನ್ನಿನ ಪೂರ್ತಿ ಖರ್ಚು ಸಾವ್ಕಾರ್ರೇ ಕೊಡಬೇಕು, ಮುಂದೆ ಎಲ್ಲರ ಪಗಾರ ಎಲ್ಲರಿಗೂ ಗೊತ್ತಿರಬೇಕು ಎಂದು ಒಂದು ಹಾಳೆಯ ಮೇಲೆ ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಸೋಮವಾರ ಮಧ್ಯಾಹ್ನ ಅಂಗಡಿ. ಸಾವ್ಕಾರ್ರು ಮಾತಿಗೆ ತಪ್ಪಲಿಲ್ಲ. ಟೀಮಿನ ಖಾತೆ ಪುಸ್ತಕವನ್ನು ಗಾದಿಯ ಮೇಲೆ ಬಿಚ್ಚಿಟ್ಟರು. ಇಷ್ಟು ಸಲೀಸಾಗಿ ಬಿಚ್ಚುತ್ತಾರೆಂದು ನಾನು ಎಣಿಸಿರಲಿಲ್ಲ. ಅವರು ತೋರಿಸುವುದಿಲ್ಲ, ನಾವು ಹಟ ಹಿಡಿಯುತ್ತೇವೆ, ಕೊನೆಗೆ ಆಪರೇಷನ್ನಿಗೆ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನನ್ನ ಲೆಕ್ಕ ಇಷ್ಟೇ ಇತ್ತು. ಪುಸ್ತಕದೊಳಗೆ ನಾನೂ ಇರುತ್ತೇನೆ ಎಂಬುದು ಹೊಳೆದದ್ದು ಅವರು ಪುಟ ತಿರುವಲು ಶುರುಮಾಡಿದ ಮೇಲೆ. ಇಷ್ಟು ದಡ್ಡತನವನ್ನು ಶಾಲೆಯ ಮಕ್ಕಳಲ್ಲೂ ನಾನು ಕಂಡಿಲ್ಲ.

ಅವರು ಓದುತ್ತಾ ಹೋದರು. ಟಿಕೇಟಿನಿಂದ ಬಂದದ್ದು, ಎರಡನೇ ಬಹುಮಾನದಿಂದ ಬಂದದ್ದು. ಆಮೇಲೆ ಖರ್ಚು: ಮ್ಯಾಟಿನ ಬಾಡಿಗೆ, ಟೆಂಪೋ, ಬನಿಯನ್ನು, ಊಟ, ದೀಪ. ಆಮೇಲೆ ಆಟಗಾರರು. ಹದಿನೈದು, ಹದಿನಾಲ್ಕು, ಹದಿನಾಲ್ಕು, ಹದಿಮೂರು, ಹನ್ನೆರಡು, ಒಂಬತ್ತು. ಬೆರಳು ಸಾಲಿನ ಕೆಳಗೆ ಸರಿಯುತ್ತಾ ಬಂತು.

"ಕ್ಯಾಪ್ಟನ್ ಮಾಸ್ತರ, ಮೂವತ್ತು," ಎಂದು ಓದಿ, ಎಲ್ಲ ಕೂಡಿಸಿ, ಇಷ್ಟು ನುಕ್ಸಾನ ಎಂದರು. ನನ್ನ ಸಾಲನ್ನು ಒತ್ತಿ ಓದಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನಾವು ಭಾನುವಾರ ಏನು ಹೇಳಿಕೊಂಡಿದ್ದೆವೋ ಅವರಿಗೆ ಗೊತ್ತಿರಲಿಕ್ಕಿಲ್ಲ. ಅಥವಾ ನನ್ನನ್ನು ನನಗಿಂತ ಚೆನ್ನಾಗಿ ಅರಿತಿದ್ದರೇನೋ.

ಮೊಬೈಲಿನವನು ನಿಧಾನಕ್ಕೆ ನನ್ನ ಕಡೆ ತಿರುಗಿದ.

"ಹದಿನಾರು ಅಂದಿದ್ರಲ್ಲರಿ ಸರ."

ಏನಾದರೂ ಹೇಳಬೇಕಿತ್ತು. ಬದಲಿಗೆ ಪುಸ್ತಕ ನೋಡಿದೆ, ಮತ್ತು ನಿಜವಾಗಿಯೂ ಅದರಲ್ಲೊಂದು ಕೊರತೆ ನನಗೆ ಕಂಡಿತು. ಬ್ಯಾನರಿನ ದುಡ್ಡು ಎಲ್ಲೂ ಇರಲಿಲ್ಲ. ಮ್ಯಾಟಿನ ಸುತ್ತ ಬೀಜದ ಅಂಗಡಿ, ಔಷಧದ ಅಂಗಡಿ, ಸಿಮೆಂಟ್ ಅಂಗಡಿ ಎಂದು ಇಪ್ಪತ್ತೆರಡು ಬ್ಯಾನರುಗಳಿದ್ದವು. ನಾನು ಮತ್ತು ಕಾರ್ನರ್ ಸೇರಿ ತಂತಿ ಕಟ್ಟಿದ್ದೆವು, ಆದ್ದರಿಂದ ಎಣಿಕೆ ನೆನಪಿತ್ತು. ಅವುಗಳ ದುಡ್ಡು ಬಂದಿದ್ದರೆ ಅಲ್ಲಿ ನುಕ್ಸಾನ ಎಲ್ಲಿಂದ ಬರಬೇಕು?

"ಸಾವ್ಕಾರ್ರ, ಬ್ಯಾನರಿನ ರೊಕ್ಕ ಇದರಾಗ ಇಲ್ಲಲ್ಲರಿ," ಅಂದೆ.

"ಅದು ಅಂಗಡಿ ಖಾತೆ ಮಾಸ್ತರ. ಬ್ಯಾನರಿನವರು ನನ್ನ ಗಿರಾಕಿಗಳು, ಟೀಮಿನ ಗಿರಾಕಿಗಳಲ್ಲ. ಅಂಗಡಿ ಬ್ಯಾರೆ, ಟೀಮ್ ಬ್ಯಾರೆ."

"ಹ್ಯಾಂಗ ಬ್ಯಾರೆ ಆಗ್ತದರಿ? ನಾವು ಆಡಿದ್ರ ತಾನೆ ಬ್ಯಾನರ್..."

"ನೀವು ಸುಮ್ಮ ಕುಂದರ್ರಿ ಸರ," ಅಂದ ಮೊಬೈಲಿನವನು. ದನಿ ಏರಿಸಲಿಲ್ಲ. "ನೀವು ಮಾತಾಡಬ್ಯಾಡ್ರಿ."

ಆ ದಿನ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆ ಅದು. ಹೋಟೆಲಿನಲ್ಲಿ ಅದನ್ನು ಎತ್ತಿದವನೇ ಮೊಬೈಲಿನವನು. ಆದರೆ ನನ್ನ ಬಾಯಿಂದ ಬಂದದ್ದರಿಂದ ಅದಕ್ಕೆ ಬೆಲೆ ಹೋಯಿತು. ಉಳಿದವರೆಲ್ಲ ನನ್ನ ಮೂವತ್ತನ್ನೇ ಲೆಕ್ಕ ಹಾಕುತ್ತಿದ್ದರು. ಮೂವತ್ತರಲ್ಲಿ ಹದಿನಾರು ಕಳೆದರೆ ಹದಿನಾಲ್ಕು, ಅದು ತನ್ನ ಪಗಾರದಷ್ಟೇ ಎಂದು ರಾಮಸಮುದ್ರದ ಅಣ್ಣ ತಮ್ಮನಿಗೆ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಕಾರ್ನರ್ ಚೀಲಗಳ ಮೇಲೆ ಕೂತು ತನ್ನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ನನ್ನನ್ನು ನೋಡಿದ್ದರೆ, ಬೈದಿದ್ದರೆ, ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು.

ಸಾವ್ಕಾರ್ರು ಪುಸ್ತಕ ಮುಚ್ಚಿದರು. ಆಪರೇಷನ್ನಿಗೆ ಅರ್ಧ ನಾನು ಕೊಡುತ್ತೇನೆ, ಉಳಿದ ಅರ್ಧ ನೀವು ಆರು ಜನ ಕೂಡಿಸಿ ತನ್ನಿ, ಅದು ಬಂದ ದಿನ ನನ್ನದೂ ಬರುತ್ತದೆ ಎಂದರು. ಒಂದು ವಾರದ ಹಿಂದೆ ಆಗಿದ್ದರೆ ಕೂಡಿಸುತ್ತಿದ್ದೆವು. ಈಗ ಮೊಬೈಲಿನವನು ಎದ್ದು ಚಪ್ಪಲಿ ಮೆಟ್ಟಿದ.

"ಸರ ಮೂವತ್ತು ತಗೊಂಡಾರ, ಸರ ಕೊಡ್ಲಿ."

ಮೂವತ್ತು ಎಲ್ಲಿತ್ತು? ಮನೆ ಬಾಡಿಗೆಗೆ, ಕಿರಾಣಿ ಅಂಗಡಿಗೆ, ಹೆಂಡತಿಯ ಹೊಲಿಗೆ ಯಂತ್ರಕ್ಕೆ ಹೋಗಿ ಮುಗಿದಿತ್ತು. ಎಂಟು ಸಾವಿರ ಕೂಡಿಸಿ ಕೊಟ್ಟೆ. ಅದನ್ನು ನೋಡಿ ಉಳಿದವರು ಮೂಗು ಮುರಿದರು, ಒಬ್ಬರು ಎರಡು, ಒಬ್ಬರು ಒಂದು ಎಂದು ಕೊಟ್ಟು ಜಾರಿಕೊಂಡರು. ಒಬ್ಬೊಬ್ಬರ ಮನೆಗೆ ಹೋಗಿ ಬೇಡಿದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಅದೇ ದಿನಗಳಲ್ಲಿ ಒಬ್ಬೊಬ್ಬರಾಗಿ ಅಂಗಡಿಗೆ ಹೋಗಿ, ಮುಂದಿನ ಸೀಸನ್ನಿಗೆ ಮತ್ತೆ ಟವೆಲ್ಲಿನ ಕೆಳಗೆ ಕೈ ಕೊಟ್ಟು ಬಂದರಂತೆ. ಯಾರಿಗೆ ಎಷ್ಟು ಏರಿತೋ ನನಗೆ ಗೊತ್ತಿಲ್ಲ. ನನ್ನನ್ನು ಕರೆಯಲಿಲ್ಲ, ನಾನು ಹೋಗಲೂ ಇಲ್ಲ.

ಡಾಕ್ಟರು ಹೇಳಿದ ಒಂದು ತಿಂಗಳು ಹೋಯಿತು, ಎರಡನೆಯದೂ ಹೋಯಿತು. ತೊಗರಿ ಬರುವ ಕಾಲ, ಗಂಜಿನಲ್ಲಿ ಹಮಾಲರಿಗೆ ಬಿಡುವಿಲ್ಲ. ಮನೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳು. ಕಾರ್ನರ್ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಚೀಲ ಹೊತ್ತ. ಒಂದು ದಿನ ನಾನು ಶಾಲೆಯಿಂದ ಬರುವಾಗ ನೋಡಿದೆ. ಲಾರಿಯ ಹಲಗೆ ಹತ್ತುವಾಗ ಕಾಲು ನಡುಗುತ್ತಿತ್ತು. ಹೋಗಿ ಚೀಲ ಇಳಿಸು ಅನ್ನಬೇಕೆಂದುಕೊಂಡೆ. ಇಳಿಸಿ ಏನು ಮಾಡಲಿ ಎಂದು ಅವನು ಕೇಳಿಬಿಟ್ಟರೆ ಎಂದು ಹೆದರಿದೆ. ದಾರಿ ಬದಲಿಸಿ ಹೋದೆ.

ದುಡ್ಡು ಕೂಡಿದ್ದು ಐದನೇ ತಿಂಗಳಿಗೆ. ಅರ್ಧಕ್ಕೆ ಕಡಿಮೆ ಬಿದ್ದದ್ದನ್ನು ಅವನ ಹೆಂಡತಿಯ ತವರಿನವರು ಕೊಟ್ಟರು. ಸಾವ್ಕಾರ್ರು ಅವತ್ತೇ ತಮ್ಮ ಅರ್ಧ ಕೊಟ್ಟರು, ಒಂದು ರೂಪಾಯಿ ಕಡಿಮೆ ಮಾಡಲಿಲ್ಲ. ಆಪರೇಷನ್ ಆಯಿತು. ಆದರೆ ಹರಿದ ಕಾಲಿನ ಮೇಲೆ ಭಾರ ಹೊತ್ತು ಕೀಲಿನ ಒಳಗಿನ ಮೆತ್ತೆಯೂ ಸವೆದುಹೋಗಿತ್ತು. ನಡೆಯಬಹುದು, ಓಡುವಂತಿಲ್ಲ, ಕುಕ್ಕರಗಾಲಲ್ಲಿ ಕೂಡುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಅವನು ಶಹಾಪುರದ ಕೋಣೆ ಖಾಲಿ ಮಾಡಿ ಕೊಂಕಲ್ಲಿಗೆ ಹೋದ.

ನಾನು ಕೊಂಕಲ್ಲಿಗೆ ಹೋಗಲು ಒಂದು ವರ್ಷ ತೆಗೆದುಕೊಂಡೆ. ಶಾಲೆಯ ಬಾಕಿ ಸಂಬಳ ಒಟ್ಟಿಗೆ ಬಂದಿತ್ತು. ಹದಿನಾಲ್ಕು ಸಾವಿರವನ್ನು ಕವರಿನಲ್ಲಿ ಹಾಕಿಕೊಂಡು ಯಾದಗಿರಿಯಲ್ಲಿ ಬಸ್ ಬದಲಿಸಿ ಹೋದೆ. ಅವನು ಊರಿನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಸ್ಟೂಲಿನ ಮೇಲೆ ಕೂತು ಜೋಳ ಬೀಸಿಕೊಡುವ ಕೆಲಸ. ಹುಬ್ಬು, ಮೀಸೆಯೆಲ್ಲ ಹಿಟ್ಟು. ನನ್ನನ್ನು ಕಂಡು ಯಂತ್ರ ನಿಲ್ಲಿಸಿ, ಗೋಡೆ ಹಿಡಿದು ಎದ್ದು ಹೊರಗೆ ಬಂದ. ಕಟ್ಟೆಯ ಮೇಲೆ ಕೂತೆವು. ಹೆಂಡತಿ ಹತ್ತಿ ಬಿಡಿಸಲು ಹೋಗ್ಯಾಳ ಎಂದ, ಮಗಳು ಅಂಗನವಾಡಿಗೆ ಹೋಗ್ತಾಳ ಎಂದ. ಚಹಾ ತರಿಸಿದ. ಕವರು ಕೊಟ್ಟೆ. ತೆರೆದು ನೋಡಲಿಲ್ಲ, ಅಂಗಿಯ ಕಿಸೆಯಲ್ಲಿಟ್ಟುಕೊಂಡ.

"ಒಂದ ಮಾತು ಕೇಳ್ತೀನ್ರಿ ಸರ," ಅಂದ. "ಭಾಳ ದಿನದಿಂದ ತಲ್ಯಾಗ ಅದ. ಸಾವ್ಕಾರ್ರಿಗೆ ನಾ ಯಾರಂತನೂ ಗೊತ್ತಿದ್ದಿಲ್ಲ ಆಗ. ನಾ ಬ್ಯಾರೆ ಅಂಗಡ್ಯಾಗ ಇದ್ದೆ. ಒಂಬತ್ತು ಕೊಟ್ಟರ ಸಾಕು, ಇವ ಬರ್ತಾನ ಅಂತ ಅವರಿಗೆ ಹ್ಯಾಂಗ ಗೊತ್ತಾತು?"

ನಾನು ಚಹಾ ಕೆಳಗಿಟ್ಟೆ. ಸಾವ್ಕಾರ್ರು ಅಂದಾಜು ಮಾಡಿರಬೇಕು ಎಂದರೆ ಮುಗಿದುಹೋಗುತ್ತಿತ್ತು. ಅವನು ನಂಬುತ್ತಿದ್ದ, ಅಥವಾ ನಂಬಿದಂತೆ ಇರುತ್ತಿದ್ದ. ಆದರೆ ನನಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಈ ಸಲವಾದರೂ, ಯಾರೂ ಪುಸ್ತಕ ಬಿಚ್ಚಿಟ್ಟು ಓದುವ ಮೊದಲೇ, ನನ್ನ ಬಾಯಿಂದ ನಾನೇ ಹೇಳಬೇಕು ಅನ್ನಿಸಿತು.

ಹೇಳಿದೆ. ಅವನನ್ನು ಟೀಮಿಗೆ ತೆಗೆದುಕೊಳ್ಳುವ ಮೊದಲು ಸಾವ್ಕಾರ್ರು ನನ್ನನ್ನೇ ಕೇಳಿದ್ದರು, ಇವ ಎಷ್ಟಕ್ಕ ಬರ್ತಾನ ಎಂದು. ಹಮಾಲಿ ಮನಷ್ಯಾ ಇದ್ದಾನ್ರಿ, ಒಂಬತ್ತಂದ್ರ ಕುಣಕೋಂತ ಬರ್ತಾನ ಎಂದು ನಾನೇ ನಕ್ಕು ಹೇಳಿದ್ದೆ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ಅವತ್ತು ಉಳಿದ ದುಡ್ಡಿನಲ್ಲೇ ನನ್ನ ಪಗಾರ ಏರಿತ್ತು. ಅದನ್ನೂ ಹೇಳಿದೆ.

ಜೋಳದ ಪುಟ್ಟಿ ಹೊತ್ತು ಬಂದ ಹೆಣ್ಣುಮಗಳೊಬ್ಬಳು ಗಿರಣಿಯ ಬಾಗಿಲಲ್ಲಿ ನಿಂತಿದ್ದಳು. ಅವನು ಅವಳಿಗೆ ಬಂದೆ ಎಂದು ಕೈ ಮಾಡಿದ. ಗೋಡೆ ಹಿಡಿದು, ಒಳ್ಳೆಯ ಕಾಲಿನ ಮೇಲೆ ಭಾರ ಬಿಟ್ಟು, ನಿಧಾನಕ್ಕೆ ಎದ್ದ.

"ಇವತ್ತೊಂದಿನ ಸುಳ್ಳ ಹೇಳಬೇಕಿತ್ತರಿ ಸರ," ಅಂದ, ಒಳಗೆ ಹೋದ.